ಸಿಮೆಂಟಿನಲ್ಲಿ ನಿಂತ ಜಕಾತ್

ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚುವ ಮುಂಚೆ ಹಾಸಿಗೆಯಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಕಟ್ಟಿಕೊಳ್ಳುವ ಮುಂಚೆ ಮಾತ್ರ ಒಂದು ಸಲ ಉಸಿರು ಎಳೆದುಕೊಳ್ಳುತ್ತಿದ್ದಳು. ಆ ಉಸಿರಿನಲ್ಲಿ ಒಂದು ಮನೆಯೇ ಇರುತ್ತಿತ್ತು: ಎಣ್ಣೆ ಹಚ್ಚಿದ ತಲೆ, ಕಾಯಿಲೆಯವರ ಮುಲಾಮು, ಹಾಲು ಕಕ್ಕಿದ ಮಗು, ವರ್ಷಗಟ್ಟಲೆಯ ನಿದ್ದೆ. ಗವಸು ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಬೆರಳಿನಿಂದ ಬಿಡಿಸುವಾಗ ಏನೇನೋ ಸಿಗುತ್ತಿತ್ತು. ತಲೆಪಿನ್ನು, ಅಂಗಿಯ ಗುಂಡಿ, ಉದುರಿದ ಹಾಲುಹಲ್ಲು, ಒಮ್ಮೆ ಒಂದು ಕಿವಿಯೋಲೆ. ಸಿಕ್ಕಿದ್ದನ್ನೆಲ್ಲ ಚಿಂದಿಬಟ್ಟೆಯಲ್ಲಿ ಗಂಟು ಕಟ್ಟಿ, ಹೊಸದಾಗಿ ಹೊಲಿದ ಹಾಸಿಗೆಯ ಜೊತೆ ವಾಪಸು ಕೊಡುವುದು ಅವಳ ಪದ್ಧತಿ. ಓಲೆ ಕೈಗೆ ಬಂದಾಗ ಆ ಮನೆಯ ಹೆಂಗಸು, "ಅಯ್ಯೋ, ಇದಕ್ಕೆ ನಾನು ಕೆಲಸದವಳನ್ನೇ ಬಿಡಿಸಿಬಿಟ್ಟೆನಲ್ಲಾ" ಎಂದು ಬಾಗಿಲಲ್ಲೇ ಕುಸಿದು ಕುಳಿತಿದ್ದಳು.

ಈ ಕಸುಬು ಅವಳಿಗೆ ಗಂಡನ ಕಡೆಯಿಂದ ಬಂದದ್ದು. ಅವನು ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿ ಬೀದಿ ಬೀದಿ ತಿರುಗುತ್ತಿದ್ದವನು. ಹತ್ತಿಯ ರಾಶಿಯ ಮೇಲೆ ಬಿಲ್ಲಿನ ನಾರಿ ಮಿಡಿದಾಗ ಟಂಯ್ ಎಂದು ಎದ್ದ ಸದ್ದಿಗೆ ಕಲ್ಲಿನಂಥ ಗಂಟುಗಳು ಬಿಚ್ಚಿ ಮೋಡವಾಗುತ್ತಿದ್ದವು. ಆ ಮೋಡವೇ ಅವನ ಎದೆಯೊಳಗೆ ಇಳಿದು ಕೂತಿತು. ಕೆಮ್ಮು ಮೊದಲು ರಾತ್ರಿಗಳನ್ನು ತಿಂದಿತು, ಆಮೇಲೆ ಅವನನ್ನು. ಅವನು ಹೋದ ಮೇಲೆ ಬಿಲ್ಲು ಮಿಡಿಯುವ ತೋಳಿನ ಬಲ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೊಲಿಯುವುದು ಅವಳಿಗೆ ಬರುತ್ತಿತ್ತು, ಹಿಂಜುವುದು ಬರುತ್ತಿರಲಿಲ್ಲ. ಹಿಂಜದ ಹತ್ತಿಯಲ್ಲಿ ಹೊಲಿದ ಹಾಸಿಗೆ ಬೆನ್ನಿಗೆ ಶತ್ರು.

ಆಗ ಬಂದದ್ದು ಜಕಾತ್. ಹೊಟ್ಟೆಬಟ್ಟೆಗೆ ಆಗಿ ಮಿಕ್ಕಿದ ಆಸ್ತಿ ಒಂದು ವರ್ಷ ಕೈಯಲ್ಲಿ ನಿಂತರೆ, ಅದರಲ್ಲಿ ನಲವತ್ತನೆಯ ಒಂದು ಪಾಲು ಇಲ್ಲದವರದ್ದು. ಕೊಡುವವನು ದಾನಿಯೆಂದು ಬೀಗುವ ಹಾಗಿಲ್ಲ. ಆ ಪಾಲು ಅವನದಾಗಿರಲೇ ಇಲ್ಲ. ಆ ಬಡಾವಣೆಯ ಮಸೀದಿಯಲ್ಲಿ ಅದನ್ನು ಒಟ್ಟುಗೂಡಿಸಿ ಹಂಚಲು ಒಂದು ಕಮಿಟಿ ಇತ್ತು. ಅದರ ಕಾರ್ಯದರ್ಶಿಯನ್ನು ಎಲ್ಲರೂ ಬ್ಯಾಟರಿ ಚಾಚಾ ಎನ್ನುತ್ತಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದಿ ನಿವೃತ್ತರಾದವರು. ಗುಂಡಿಯೊಳಗಿನ ಮೀಟರಿಗೆ ಬ್ಯಾಟರಿ ಬಿಟ್ಟು ಬಗ್ಗಿ ನೋಡಿ ಅಭ್ಯಾಸವಾಗಿ, ನಿವೃತ್ತಿಯ ಮೇಲೂ ಬ್ಯಾಟರಿ ಜೇಬಿನಲ್ಲೇ ಇತ್ತು. ಮಟಮಟ ಮಧ್ಯಾಹ್ನ ತರಕಾರಿ ಕೊಳ್ಳುವಾಗಲೂ ಬದನೆಕಾಯಿಗೆ ಬೆಳಕು ಬಿಡುತ್ತಿದ್ದರು.

ಮುಂಚೆ ಕಮಿಟಿ ಎಲ್ಲರಿಗೂ ಒಂದಿಷ್ಟೊಂದಿಷ್ಟು ಹಂಚುತ್ತಿತ್ತು. ವಾರದಲ್ಲಿ ಖರ್ಚಾಗಿ, ಮುಂದಿನ ವರ್ಷ ಅದೇ ಮುಖಗಳು ಅದೇ ಸಾಲಿನಲ್ಲಿ ನಿಲ್ಲುತ್ತಿದ್ದವು. "ಕೊಟ್ರೆ ಹೆಂಗೆ ಕೊಡಬೇಕು ಗೊತ್ತಾ? ಮತ್ತೆ ಕೈ ಚಾಚಬಾರದು, ಹಂಗೆ ಕೊಡಬೇಕು" ಎಂದು ಹಟ ಹಿಡಿದು, ಕಸುಬಿನ ಸಾಮಾನು ಕೊಡಿಸುವ ಏರ್ಪಾಡು ಮಾಡಿಸಿದವರು ಚಾಚಾ. ಮೊದಲು ಹಣ್ಣು ಮಾರುವವನೊಬ್ಬನಿಗೆ ತಳ್ಳುಗಾಡಿ ಕೊಟ್ಟರು. ಅವನು ವಾರದೊಳಗೆ ಅದನ್ನು ಮಾರಿಬಿಟ್ಟ. ಅಂದಿನಿಂದ ಅವನ ಹೆಸರು "ಗಾಡಿ ನುಂಗಿದವನು" ಎಂದಾಯಿತು. ಚಾಚಾ ಆ ಅವಮಾನವನ್ನು ತಮ್ಮ ಸ್ವಂತ ಹಲ್ಲು ಬಿದ್ದಷ್ಟು ನೋವಿನಿಂದ ಅನುಭವಿಸಿದರು.

ಎರಡನೆಯದು ಹಾಸಿಗೆಯಕ್ಕನ ಹತ್ತಿ ಹಿಂಜುವ ಯಂತ್ರ. ಅದು ಮನೆಗೆ ಬಂದ ದಿನ ಅದರ ಹಿಂದೆಯೇ ಗಾರೆ ಕೆಲಸದವನೂ ಬಂದ. ಮುಂಗೋಣೆಯ ನೆಲ ಅಗೆದು, ಯಂತ್ರದ ನಾಲ್ಕು ಕಾಲುಗಳನ್ನೂ ಸಿಮೆಂಟಿನಲ್ಲಿ ಹೂತು, ಮೇಲೆ ಕರಣೆಯಿಂದ ನಯವಾಗಿ ಸವರಿದ.

"ಓಡುವಾಗ ಅದುರುತ್ತಮ್ಮ, ಅದಕ್ಕೆ" ಎಂದರು ಚಾಚಾ, ಅವಳ ಮುಖ ನೋಡದೆ.

ಅದುರುವ ಯಂತ್ರಕ್ಕೆ ನಾಲ್ಕು ಬೋಲ್ಟು ಸಾಕು ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಗಾರೆಯವನಿಗೆ ನೀರು ತಂದುಕೊಟ್ಟಳು. ಸಿಕ್ಕಿದ್ದೇ ಭಾಗ್ಯ ಎನ್ನುವ ದಿನಗಳು ಅವು.

ಅಲ್ಲಿಂದ ಮುಂದೆ ಆ ಮನೆಯವರು ಯಂತ್ರವನ್ನು ಸುತ್ತಿಕೊಂಡು ಬದುಕಿದರು. ಅದು ಕೋಣೆಯ ನಟ್ಟನಡುವೆ ನಿಂತಿತ್ತು. ಚಾಪೆಯನ್ನು ಅದರ ಪಕ್ಕಕ್ಕೆ ಓರೆಯಾಗಿ ಹಾಸಬೇಕು, ತಟ್ಟೆಯನ್ನು ಅದರ ನೆರಳಿನಲ್ಲಿ ಇಡಬೇಕು. ಆದರೆ ಅದು ಅನ್ನ ಹಾಕಿತು. ಮೂಟೆ ಹತ್ತಿ ನುಂಗಿ ಮೋಡ ಉಗುಳಿತು. ತಿಂಗಳ ಮೊದಲ ವಾರ ಚಾಚಾ ಬಂದು, ಯಂತ್ರದ ಹೊಟ್ಟೆಯೊಳಗೆ ಬ್ಯಾಟರಿ ಬಿಟ್ಟು ನೋಡಿ, ಸಿಮೆಂಟಿನ ಮೇಲೆ ಒಮ್ಮೆ ಕಾಲಿನಿಂದ ತಟ್ಟಿ, ನೀರು ಕುಡಿದು ಹೋಗುತ್ತಿದ್ದರು.

ಅವಳ ಅತ್ತೆಗೆ ಹಲ್ಲು ಉದುರಿದ್ದರೂ ನಾಲಿಗೆಯ ಹರಿತ ಹೋಗಿರಲಿಲ್ಲ. ಹತ್ತಿಯ ಮೂಟೆಗೆ ಒರಗಿ ಕೂತು ಕೇಳುತ್ತಿದ್ದಳು: "ಏನಪ್ಪಾ, ಹೆಣ್ಣು ಕೊಟ್ಟ ಬೀಗರೂ ಇಷ್ಟು ಸಲ ಬರಲ್ಲ. ಕೊಟ್ಟ ಮಗಳು ಚೆನ್ನಾಗಿದ್ದಾಳೋ ಇಲ್ಲವೋ ಅಂತ ಅನುಮಾನವಾ?"

"ನಮ್ಮ ಸಾಮಾನು ನಾವು ನೋಡ್ಕೋಬೇಕಲ್ಲಮ್ಮ" ಎನ್ನುತ್ತಿದ್ದರು ಚಾಚಾ.

ಹಾಸಿಗೆಯಕ್ಕ ಮಾತ್ರ ಆ ಮಾತಿಗೆ ನಗುತ್ತಿರಲಿಲ್ಲ. ಬೆಲ್ಟು ಬದಲಿಸಬೇಕಾದರೂ ಅವರ ಮನೆಗೆ ಹೋಗಿ ಕೇಳುತ್ತಿದ್ದಳು. ತನ್ನ ಮನೆಯ ನೆಲದಲ್ಲಿ ಬೇರು ಬಿಟ್ಟ ಆ ವಸ್ತುವನ್ನು ಅವಳು ಒಮ್ಮೆಯೂ "ನಮ್ಮ ಯಂತ್ರ" ಅಂದವಳಲ್ಲ. "ಕಮಿಟಿ ಯಂತ್ರ" ಎನ್ನುತ್ತಿದ್ದಳು.

ಕಾಲ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಬೀದಿಯ ತುದಿಯಲ್ಲಿ ಫೋಮ್ ಹಾಸಿಗೆಯ ಅಂಗಡಿ ತೆರೆಯಿತು. ಹತ್ತಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಬೇಕು, ಬಡಿಯಬೇಕು, ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ಹಿಂಜಿಸಬೇಕು. ಫೋಮಿಗೆ ಇದಾವುದೂ ಬೇಡ. ಅವಳ ಬಾಗಿಲಿಗೆ ಬರುವ ಹಳೆಯ ಹಾಸಿಗೆಗಳು ಒಂದೊಂದಾಗಿ ಕಡಿಮೆಯಾದವು. ಯಂತ್ರ ವಾರದಲ್ಲಿ ಒಂದೆರಡು ದಿನ ಓಡಿ ಉಳಿದ ದಿನ ಸುಮ್ಮನೆ ನಿಂತಿರುತ್ತಿತ್ತು.

ಹಾಗಿರುವಾಗ ನರ್ಸುಗಳ ಹಾಸ್ಟೆಲಿನ ವಾರ್ಡನ್ ಬಂದರು. ಅವಳ ಹಳೆಯ ಗಿರಾಕಿ. ಚಪ್ಪಲಿ ಬಿಟ್ಟು ಒಳಗೆ ಬಂದು, ಯಂತ್ರದ ಪಕ್ಕ ನುಸುಳಿ ಕೂತರು.

"ಹಾಸಿಗೆ ಎಲ್ಲಾ ಫೋಮ್ ಹಾಕಿಸಿಬಿಟ್ವಿ ಅಕ್ಕ, ಬೇಜಾರು ಮಾಡ್ಕೋಬೇಡ. ಆದರೆ ಹೊದೆಯೋಕೆ ರಜಾಯಿ ಬೇಕು. ನಮ್ಮ ಹುಡುಗೀರು ರಾತ್ರಿ ಪಾಳಿ ಮುಗಿಸಿ ಬಂದು ಹಗಲಲ್ಲಿ ಮಲಗೋರು, ಚಳಿಗೆ ನಡುಗ್ತಾರೆ. ಅಂಗಡೀದು ಎರಡು ಸಲ ಒಗೆದರೆ ಹತ್ತಿ ಎಲ್ಲಾ ಒಂದು ಮೂಲೆಗೆ. ನೀನು ಹೊಲಿದರೆ ಇಡೀ ಹಾಸ್ಟೆಲಿಗೆ ನಿನ್ನ ಹತ್ತಿರಾನೇ ತಗೋತೀನಿ. ಪ್ರತಿ ವರ್ಷ ಹೊಸ ಬ್ಯಾಚು ಬರುತ್ತೆ, ಪ್ರತಿ ವರ್ಷ ಬೇಕು."

"ಕೈಯಲ್ಲಿ ಹೊಲಿದು ಅಷ್ಟೊಂದು ಆಗಲ್ಲ ಮೇಡಂ."

"ಕೈಯಲ್ಲಿ ಯಾರು ಹೊಲಿ ಅಂದ್ರು? ದಪ್ಪ ಹೊಲಿಯೋ ಮೆಷಿನ್ ತಗೋ. ಮುಂದಿನ ಭಾನುವಾರದೊಳಗೆ ಹೇಳಿಬಿಡು. ಆಮೇಲೆ ನಾನು ಕಾರ್ಖಾನೆಯವರಿಗೇ ಹೇಳಬೇಕಾಗುತ್ತೆ."

ರಜಾಯಿ ಹೊಲಿಯಲು ತೋಳು ಉದ್ದವಿರುವ ಭಾರೀ ಹೊಲಿಗೆ ಯಂತ್ರ ಬೇಕು. ಪೇಟೆಯಲ್ಲಿ ಒಂದು ಹಳೆಯದು ಮಾರಾಟಕ್ಕಿರುವುದನ್ನು ಅವಳು ಆಗಲೇ ನೋಡಿ ಬಂದಿದ್ದಳು. ಅದಕ್ಕೆ ಅವಳ ಉಳಿತಾಯ ಅರ್ಧಕ್ಕೆ ಮಾತ್ರ ಸಾಕಾಗುತ್ತಿತ್ತು. ಇನ್ನರ್ಧ ಕೋಣೆಯ ನಡುವೆ ಸಿಮೆಂಟಿನಲ್ಲಿ ನಿಂತಿತ್ತು.

"ಮಾರು" ಎಂದಳು ಅತ್ತೆ, ವಾರ್ಡನ್ ಮೆಟ್ಟಿಲಿಳಿಯುವ ಮೊದಲೇ.

"ಏನು ಮಾತು ಅತ್ತೆ! ಜಕಾತ್ ಸಾಮಾನು ಮಾರಿದಳು ಅಂದ್ರೆ ನಾಳೆ ಬೀದಿಯವರು ನನ್ನ 'ಯಂತ್ರ ನುಂಗಿದವಳು' ಅಂತ ಕರೀತಾರೆ."

"ಕರೀಲಿ ಬಿಡು. ಹೊಟ್ಟೆಗಿಲ್ಲದೆ ಮರ್ಯಾದೆ ಇಟ್ಕೊಂಡು ಏನು ಸಾರು ಮಾಡ್ತೀಯಾ?"

ಅವಳು ಹೊಲಿಗೆ ಮುಂದುವರಿಸಿದಳು. ದಬ್ಬಣ ಹಾಸಿಗೆಯ ಒಂದು ಬದಿಯಲ್ಲಿ ಇಳಿದು ಇನ್ನೊಂದು ಬದಿಯಲ್ಲಿ ಏಳುತ್ತಿತ್ತು. ಎರಡು ಗಂಟು ಹಾಕುವಷ್ಟರಲ್ಲಿ ಅವಳ ಮನಸ್ಸು ಹತ್ತು ಸಲ ಆಚೀಚೆ ಹೋಗಿಬಂದಿತ್ತು. ಮೋಸ ಮಾಡುವುದು ಅವಳಿಂದಾಗದು. ಕೇಳುವುದು ಅದಕ್ಕಿಂತ ಕಷ್ಟ. ಕೇಳದಿದ್ದರೆ ಭಾನುವಾರ ಬರುತ್ತದೆ, ವಾರ್ಡನ್ ಬೇರೆ ಕಡೆ ಹೋಗುತ್ತಾರೆ, ಆಮೇಲೆ ಯಂತ್ರ ಮತ್ತು ಅವಳು ಎದುರುಬದುರು ಸುಮ್ಮನೆ ಕೂತಿರಬೇಕು.

ಚಾಚಾ ತಿಂಗಳ ಭೇಟಿಗೆ ಬಂದಾಗ ನೀರಿನ ಲೋಟ ಕೈಗೆ ಕೊಟ್ಟು, ಅವರು ಕುಡಿದು ಮುಗಿಸುವವರೆಗೂ ಕಾದು, ಕೇಳಿಯೇಬಿಟ್ಟಳು.

ಚಾಚಾ ಲೋಟ ಕೆಳಗಿಟ್ಟರು. "ಇದು ಹಿಂಜೋಕೆ ಕೊಟ್ಟಿದ್ದು ಮಗಳೇ. ಮಾರೋಕಲ್ಲ."

"ಗೊತ್ತು ಚಾಚಾ. ಮಾರಿದ ದುಡ್ಡು ಮನೆ ಖರ್ಚಿಗೆ ಮುಟ್ಟಲ್ಲ. ಇನ್ನೊಂದು ಯಂತ್ರಕ್ಕೇ ಹಾಕ್ತೀನಿ. ಬೇಕಿದ್ರೆ ಅದನ್ನೂ ಸಿಮೆಂಟಲ್ಲಿ ಹೂತುಬಿಡಿ."

ವ್ಯಂಗ್ಯದ ಎಳೆಯೂ ಇಲ್ಲದೆ ಅವಳು ಹೇಳಿದ ಆ ಕೊನೆಯ ಮಾತು ಚಾಚಾಗೆ ಎಲ್ಲೋ ಚುಚ್ಚಿತು. ಅವರು ಕೆಟ್ಟ ಮನುಷ್ಯರಲ್ಲ. ಊರಿನವರು ನಂಬಿ ಕೊಟ್ಟದ್ದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು ಎಂದು ನಂಬಿದವರು. "ನನ್ನೊಬ್ಬನ ಮಾತಲ್ಲ ಇದು. ಮೌಲವಿ ಸಾಹೇಬರನ್ನ ಕೇಳ್ತೀನಿ. ಅವರು ಬೇಡ ಅಂದ್ರೆ ನನ್ನ ಮೇಲೆ ಕೋಪ ಮಾಡ್ಕೋಬೇಡ" ಎಂದು ಎದ್ದರು. ಮೌಲವಿಗಳು ಬೇಡವೆಂದೇ ಅನ್ನುತ್ತಾರೆ ಎಂಬ ಧೈರ್ಯ ಅವರಿಗಿತ್ತು.

ಶುಕ್ರವಾರದ ನಮಾಜು ಮುಗಿದು ಜನ ಚದುರಿದ ಮೇಲೆ, ಮೌಲವಿ ಸಾಹೇಬರು ಕೈಕಾಲು ತೊಳೆಯುವ ಕಟ್ಟೆಯ ಬಳಿ ಸೋರುವ ನಲ್ಲಿಯೊಂದನ್ನು ಬಿಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು. ವಯಸ್ಸಿನಲ್ಲಿ ಚಾಚಾಗೆ ಮಗನಾಗಬೇಕು.

"ಒಂದು ಮಾತು ಕೇಳೋದಿತ್ತು ಸಾಹೇಬ್ರೇ."

"ಮೊದಲು ಆ ಬ್ಯಾಟರಿ ಇತ್ತ ಬಿಡಿ ಚಾಚಾ. ವಾಷರ್ ಎಲ್ಲಿ ಬಿತ್ತೋ ಕಾಣ್ತಿಲ್ಲ."

ಚಾಚಾ ಬೆಳಕು ಬಿಟ್ಟುಕೊಂಡೇ ಎಲ್ಲವನ್ನೂ ಹೇಳಿದರು. ಗಾಡಿ, ಯಂತ್ರ, ಸಿಮೆಂಟು, ರಜಾಯಿ. ಮೌಲವಿಗಳು ಕಟ್ಟೆಯ ಸಂದಿಯಲ್ಲಿ ಬೆರಳಾಡಿಸುತ್ತ ಕೇಳಿಸಿಕೊಂಡರು.

"ಆ ಯಂತ್ರ ಯಾರದು ಚಾಚಾ?"

"ಅವಳದೇ."

"ಮತ್ತೆ ಮಾರಬೇಡ ಅನ್ನೋಕೆ ನೀವ್ಯಾರು?"

"ಅಂದ್ರೆ... ಬಳಸೋಕೆ ಅವಳದು. ಒಡೆತನ ಕಮಿಟೀದು."

ಮೌಲವಿಗಳ ಬೆರಳು ನಿಂತಿತು. "ಜಕಾತ್ ದುಡ್ಡಿಂದ ತಂದದ್ದು ತಾನೆ?"

"ಅಲ್ವೇ ಮತ್ತೆ? ಪೈಸೆ ಪೈಸೆಗೂ ಲೆಕ್ಕ ಇದೆ."

"ಲೆಕ್ಕ ಇದೆ. ಜಕಾತ್ ಇಲ್ಲ." ಅವರು ಎದ್ದು ಕಟ್ಟೆಯ ಮೇಲೆ ಕೂತರು. "ಕೂತ್ಕೊಳ್ಳಿ ಚಾಚಾ. ಜಕಾತ್ ಅಂದ್ರೆ ಇಲ್ಲದವರ ಕೈಗೆ ಪೂರ್ತಿ ದಾಟಬೇಕು, ಒಡೆತನಾನೂ ಸೇರಿ. ಇಟ್ಕೋತಾರೋ ಮಾರ್ತಾರೋ ಅವರಿಷ್ಟ. ಕೊಟ್ಟು, ಹಗ್ಗದ ತುದಿ ನಾವು ಹಿಡ್ಕೊಂಡ್ರೆ ಅದು ಕೊಟ್ಟಂಗಲ್ಲ. ಮೇಯೋಕೆ ಬಿಟ್ಟಂಗೆ."

ಚಾಚಾ ಕೂತರು. ಬ್ಯಾಟರಿ ಆರಿಸುವುದನ್ನು ಮರೆತಿದ್ದರು, ಅದರ ಬೆಳಕು ಎದುರು ಗೋಡೆಯ ಮೇಲೆ ಬಿದ್ದಿತ್ತು. "ಹಾಗಾದ್ರೆ ಬಟ್ಟೆ ಅಂಗಡಿಯವರು, ಟೈಲ್ಸ್ ಅಂಗಡಿಯವರು... ಅವರೆಲ್ಲ ಆ ಯಂತ್ರಕ್ಕೆ ಅಂತ ಕೊಟ್ಟ ಜಕಾತು?"

"ಪೈಪಲ್ಲೇ ನಿಂತಿದೆ. ಮೀಟರ್ ಓದಿದವರು ನೀವು. ನಲ್ಲಿಗೆ ಬರದ ನೀರಿಗೆ ಬಿಲ್ ಹಾಕ್ತಿದ್ರಾ?"

"ಹಾಕ್ತಿದ್ವಲ್ಲ ಸಾಹೇಬ್ರೇ" ಎಂದರು ಚಾಚಾ, ಸತ್ಯವಂತರಾದ್ದರಿಂದ.

ಮೌಲವಿಗಳಿಗೆ ನಗು ತಡೆಯಲಾಗಲಿಲ್ಲ. "ಅಲ್ಲಾಹನ ಕಚೇರಿಯಲ್ಲಿ ಹಾಕಲ್ಲ, ಅಷ್ಟೇ."

ಮೌಲವಿಗಳು ಮತ್ತೆ ವಾಷರ್ ಹುಡುಕತೊಡಗಿದರು. ನಲ್ಲಿ ತೊಟ್ಟಿಕ್ಕುತ್ತಿತ್ತು. ಆಮೇಲೆ ಚಾಚಾ ಬಹಳ ಸಣ್ಣ ದನಿಯಲ್ಲಿ ಕೇಳಿದರು: "ಮತ್ತೆ ಆ ಗಾಡಿ ನುಂಗಿದವನು?"

"ಅವನಿಗೆ ಕೊಟ್ಟಾಗ ಷರತ್ತೇನಾದ್ರೂ ಹಾಕಿದ್ರಾ?"

"ಆಗ ಇನ್ನೂ ಬುದ್ಧಿ ಬಂದಿರಲಿಲ್ಲ."

"ಹಾಗಾದ್ರೆ ನೀವು ಕೊಡಿಸಿದ ಸಾಮಾನಲ್ಲಿ ಸರಿಯಾಗಿ ಸಂದದ್ದು ಅದೊಂದೇ."

ಇಷ್ಟು ವರ್ಷ ಆ ಹಣ್ಣಿನವನು ಎದುರಿಗೆ ಬಂದಾಗಲೆಲ್ಲ ಚಾಚಾ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಆ ದಿನ ಮಸೀದಿಯಿಂದ ಹೊರಟವರು ದಾಟಲಿಲ್ಲ. ಅವನು ಈಗ ಒಂದು ಪೆಟ್ಟಿಗೆ ಇಟ್ಟುಕೊಂಡು ಬೀಗದ ಕೈ ಮಾಡುತ್ತಿದ್ದ. ಬೇಕಿಲ್ಲದಿದ್ದರೂ ಮನೆಯ ಬೀಗಕ್ಕೆ ಇನ್ನೊಂದು ಕೈ ಮಾಡಿಸಿಕೊಂಡರು. ಅವನು ಅನುಮಾನದಿಂದಲೇ ಮಾಡಿಕೊಟ್ಟ.

ಸಂಜೆಯ ಬಿಸಿಲು ಹಾಸಿಗೆಯಕ್ಕನ ಹೊಸ್ತಿಲಿನಲ್ಲಿರುವಾಗ ಚಾಚಾ ಬಂದರು. ಜೊತೆಗೆ ಗಾರೆ ಕೆಲಸದವನು, ಉಳಿ, ಸುತ್ತಿಗೆ.

"ಏನಪ್ಪಾ, ಒಂದೇ ತಿಂಗಳಲ್ಲಿ ಎರಡನೇ ಸಲ? ಬೀಗರು ಊಟಕ್ಕೆ ನಿಲ್ಲೋ ಹಂಗೆ ಕಾಣುತ್ತೆ" ಎಂದಳು ಅತ್ತೆ.

ಚಾಚಾ ಕೂರಲಿಲ್ಲ. ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಬಾಗಿಲಲ್ಲಿ ಮರೆತುಹೋಗಿದ್ದವು. "ಮಗಳೇ, ಈ ಯಂತ್ರ ನಿನ್ನದು. ಇಟ್ಕೋ, ಮಾರು, ಬಾವಿಗೆ ಹಾಕು. ನಿನ್ನದು."

ಅವಳ ಕೈಯ ದಬ್ಬಣ ಅರ್ಧದಲ್ಲಿ ನಿಂತಿತು. "ಅಂದ್ರೆ ಮಾರೋಕೆ ಅಪ್ಪಣೆ ಕೊಟ್ರಾ?"

"ಅಪ್ಪಣೆ ಅಲ್ಲಮ್ಮ. ಅಪ್ಪಣೆ ಕೊಡೋಕೆ ನನಗೇನು ಹಕ್ಕು? ನಾನೇ ತಪ್ಪಿದ್ದು. ಕೊಟ್ಟೆ ಅಂದ್ಕೊಂಡು ಕೊಟ್ಟೇ ಇರಲಿಲ್ಲ. ಇವತ್ತು ಕೊಡ್ತಿದ್ದೀನಿ. ತಗೊಂಡೆ ಅಂತ ಒಂದು ಮಾತು ಅನ್ನು. ಇಷ್ಟು ಜನರ ಜಕಾತು ನಿನ್ನ ಬಾಯಲ್ಲಿ ನಿಂತಿದೆ."

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಹುಬ್ಬಿನಲ್ಲೇ "ಅನ್ನೇ" ಎಂದಳು.

"ತಗೊಂಡೆ ಚಾಚಾ."

ಚಾಚಾ ಗೋಡೆಗೆ ಕೈಯೂರಿ ದೊಡ್ಡ ಉಸಿರು ಬಿಟ್ಟರು, ಮೂಟೆ ಇಳಿಸಿದವರ ಹಾಗೆ. ಗಾರೆಯವನು ಉಳಿ ಊರಿ ಮೊದಲ ಪೆಟ್ಟು ಹಾಕಿದ. ಸಿಮೆಂಟು ಅಲ್ಲಾಡಲಿಲ್ಲ. "ಥೂ, ಯಾವನಪ್ಪಾ ಇಷ್ಟು ಗಟ್ಟಿ ಹಾಕಿದ್ದು?"

"ನೀನೇ ಕಣೋ" ಎಂದಳು ಅತ್ತೆ. "ಆನೆ ಬಂದ್ರೂ ಅಲುಗಾಡಲ್ಲ ಅಂತ ಎದೆ ತಟ್ಟಿಕೊಂಡಿದ್ದೆ."

ಮರುದಿನ ಹಾಸಿಗೆಯಕ್ಕ ಕೊಳ್ಳುವವರಿಗೆ ಹೇಳಿ ಕಳುಹಿಸಿದಳು. ಅವರು ಬರುವುದು ಅದರ ಮರುದಿನ. ನಡುವಿನ ಆ ಒಂದು ದಿನ ಗಿರಾಕಿಗಳ ಹಳೆಯ ಹಾಸಿಗೆಗಳಿಂದ ಬಿಚ್ಚಿಟ್ಟಿದ್ದ ಹತ್ತಿಯನ್ನೆಲ್ಲ ಹಿಂಜಲು ಕೂತಳು. ಈಗ ಕಾಲು ಬಿಡಿಸಿಕೊಂಡಿದ್ದ ಯಂತ್ರ ನಿಜವಾಗಿಯೂ ಅದುರುತ್ತಿತ್ತು. ಕೋಣೆಯುದ್ದಕ್ಕೂ ತುಸುತುಸುವೇ ಸರಿಯುತ್ತಿತ್ತು. ಅವಳು ಅದರ ಬೆನ್ನ ಮೇಲೆ ಅಂಗೈ ಇಟ್ಟು ಹಿಡಿದುಕೊಂಡಳು. ಇಷ್ಟು ವರ್ಷ ಅನ್ನ ಕೊಟ್ಟದ್ದು, ಎರಡೇ ದಿನ ತನ್ನದಾಗಿ ಇರುವುದು. ಬಾಯಿಂದ ಬಿಳಿಯ ಮೋಡ ಉರುಳುರುಳಿ ಬಂದು ಅವಳ ಮಡಿಲು ತುಂಬಿತು. ಬಿಲ್ಲು ಹಿಡಿದ ಗಂಡನ ಮುಂದೆ ಹೀಗೇ ಮಡಿಲೊಡ್ಡಿ ಕೂರುತ್ತಿದ್ದದ್ದು ನೆನಪಾಗಿ, ಮೂಗಿನ ಬಟ್ಟೆಯನ್ನು ಕಣ್ಣಿನವರೆಗೂ ಎಳೆದುಕೊಂಡಳು.

ಕೊಳ್ಳಲು ಬಂದವರು ಕಾಲುವೆಯಾಚೆಯ ದಿಂಬಿನವನು ಮತ್ತು ಅವನ ಹೆಂಡತಿ. ಹೊಸ ಸಂಸಾರ, ಹೊಸ ಅಂಗಡಿ. ಗಂಡ ಯಂತ್ರ ನೋಡುತ್ತಿದ್ದ, ಮಾತೆಲ್ಲ ಹೆಂಡತಿಯದು. ಚಾಚಾ ಅದೇ ಹೊತ್ತಿಗೆ "ಸುಮ್ಮನೆ ಈ ಕಡೆ ಬಂದೆ" ಎನ್ನುತ್ತ ಬಂದು, ಬ್ಯಾಟರಿಯನ್ನು ಜೇಬಿನಲ್ಲೇ ಅದುಮಿಕೊಂಡು ಮೂಲೆಯಲ್ಲಿ ಕೂತರು.

"ಕಾಲೆಲ್ಲ ಸಿಮೆಂಟು ಮೆತ್ತಿದೆಯಲ್ಲಕ್ಕ. ಬೆಲ್ಟೂ ಸವೆದಿದೆ" ಎಂದಳು ದಿಂಬಿನವನ ಹೆಂಡತಿ.

"ಸಿಮೆಂಟು ಕೆರೆದರೆ ಹೋಗುತ್ತೆ. ಬೆಲ್ಟು ನೀನು ಹಾಕಿಸ್ಕೋ. ಒಳಗಿನ ಹಲ್ಲು ನೋಡು, ಒಂದೂ ಮುರಿದಿಲ್ಲ."

"ನಮ್ಮತ್ತೆಗಿಂತ ವಾಸಿ ಹಾಗಾದ್ರೆ."

"ನನ್ನ ಕಡೆ ಯಾಕೆ ನೋಡ್ತೀಯೇ?" ಎಂದಳು ಮೂಟೆಗೊರಗಿದ ಅತ್ತೆ. "ನಾನು ಮಾರಾಟಕ್ಕಿಲ್ಲ."

ನಗು ಇಳಿದ ಮೇಲೆ ದಿಂಬಿನವನ ಹೆಂಡತಿ ತಾನು ಕೊಡಬಲ್ಲ ಬೆಲೆ ಹೇಳಿದಳು. ಹಾಸಿಗೆಯಕ್ಕ ಕೇಳಿದ್ದಕ್ಕಿಂತ ಅದು ತಗ್ಗಾಗಿತ್ತು, ಆದರೂ ಹೊಲಿಗೆ ಯಂತ್ರದ ಇನ್ನರ್ಧಕ್ಕೆ ಸಾಲುವಷ್ಟಿತ್ತು. ಚಾಚಾ ಬಾಯಿ ತೆರೆದರು, ಮತ್ತೆ ಮುಚ್ಚಿದರು, ಕೆಮ್ಮಿದಂತೆ ಮಾಡಿದರು. ಹಾಸಿಗೆಯಕ್ಕ ಅವರತ್ತ ನೋಡಲಿಲ್ಲ. ಆ ಹುಡುಗಿಯ ಬೆರಳ ತುದಿಗಳನ್ನು ನೋಡುತ್ತಿದ್ದಳು. ಕೈಯಲ್ಲೇ ಹತ್ತಿ ಬಿಡಿಸಿ ಬಿಡಿಸಿ ಒಡೆದ ಬೆರಳುಗಳು.

"ಆಯ್ತು, ಆ ಬೆಲೆಗೇ ತಗೋ. ಆದರೆ ನನಗೆ ರಜಾಯಿಗೆ ಹಿಂಜಿದ ಹತ್ತಿ ಬೇಕು. ಪ್ರತಿ ವಾರ ನನ್ನ ಮೂಟೆ ಮೊದಲು ಹಿಂಜಿ ಕೊಡಬೇಕು, ಆಮೇಲೆ ನಿನ್ನ ದಿಂಬು. ಹಿಂಜೋ ಕೂಲಿ ಬೇರೆಯವರಿಗಿಂತ ಕಮ್ಮಿ."

ಚಾಚಾ ಇನ್ನು ತಡೆಯಲಾರದೆ ಮೂಲೆಯಿಂದಲೇ ಬಾಗಿ, ಪಿಸುದನಿಯಲ್ಲಿ, "ಮಗಳೇ, ಷರತ್ತು ಹಾಕಬೇಡಮ್ಮ. ನಾನು ಹಾಕಿ ಕೆಟ್ಟಿದ್ದೀನಿ" ಎಂದರು.

"ನೀವು ಕೊಟ್ಟದ್ದು ಜಕಾತ್ ಚಾಚಾ" ಎಂದಳು ಅವಳು. "ನಾನು ಮಾಡ್ತಿರೋದು ವ್ಯಾಪಾರ."

ದಿಂಬಿನವನು ಹೆಂಡತಿಯ ಮುಖ ನೋಡಿದ. ಅವಳು ಲೆಕ್ಕ ಹಾಕಿ ತಲೆಯಾಡಿಸಿದಳು. ಹಾಸಿಗೆಯಕ್ಕ ಫೋನೆತ್ತಿ ವಾರ್ಡನ್‌ಗೆ, "ಆಗುತ್ತೆ ಮೇಡಂ, ಬಟ್ಟೆ ಬಣ್ಣ ಯಾವುದು ಹೇಳಿ" ಎಂದಳು. ಬೀದಿಯಲ್ಲಿ ಟೆಂಪೊ ಕಾಯುತ್ತಿತ್ತು. ನಾಲ್ಕು ಜನ ಸೇರಿ ಯಂತ್ರವನ್ನು ಅದಕ್ಕೆ ಏರಿಸಿದರು. ಅದರ ಪಕ್ಕದಲ್ಲಿ ಉಳಿದ ಜಾಗಕ್ಕೆ ಅವಳು ರಜಾಯಿಗೆಂದು ಹಿಂಜಿಸಬೇಕಾದ ತನ್ನ ಮೊದಲ ಮೂಟೆಯನ್ನು ಎತ್ತಿ ಹಾಕಿ, ಹಗ್ಗ ಬಿಗಿದು, "ಬುಧವಾರ ಬರ್ತೀನಿ" ಎಂದಳು.